ಸೆನ್ಯೋರಳ ಹೊಟ್ಟೆಗೆ ಪೊನ್ಸಿಂಗಳ ಎಂಜಲು

ನನ್ನ ಸೊಸೆ ನೆನಿಂಗ್ ಒಳ್ಳೆಯವಳು, ಆದರೆ ರೆಕ್ಕೆ ಇರುವುದೆಲ್ಲ ಅವಳ ಕಣ್ಣಿಗೆ ಸಾರಿನ ಸಾಮಾನು. ಶುಕ್ರವಾರ ಬೆಳಿಗ್ಗೆ ನನ್ನ ಕೋಳಿ ಸೆನ್ಯೋರಾ ಕಾಳಿಗೆ ಬಾಯಿ ಹಾಕದೆ ಮೂಲೆ ಹಿಡಿದು ಕೂತಳು. ‘ಯಾಕೆ ಕಂದಾ’ ಎಂದು ನಾನು ಕೇಳಿ ಮುಗಿಸಿರಲಿಲ್ಲ, ನೆನಿಂಗ್ ಹಿತ್ತಿಲಿನಿಂದ ಪಪ್ಪಾಯಿಕಾಯಿ ಕಿತ್ತು ತಂದಳು.

“ಏನೇ ಅದು?”

“ತಿನೋಲಾ ಸಾರಿಗೆ, ಅತ್ತೆ. ಶುಂಠಿ ಜಜ್ಜಿದ್ದೀನಿ, ನುಗ್ಗೆಸೊಪ್ಪೂ ಬಿಡಿಸಿದ್ದೀನಿ. ಕೋಳಿ ಒಂದು ಬಿದ್ರೆ ಆಯ್ತು.”

“ಅದಿನ್ನೂ ಉಸಿರಾಡ್ತಿದೆ.”

“ಅದಕ್ಕೇ ಹೇಳ್ತಿರೋದು. ಉಸಿರು ನಿಂತ್ಮೇಲೆ ಕುಯ್ದರೆ ಸಾರು ರುಚಿಯಾಗಲ್ಲ. ಭಾನುವಾರದವರೆಗೆ ಕಾಯ್ತೀನಿ, ಅಷ್ಟೇ.”

ಈ ಲೋಕದಲ್ಲಿ ನಾನು ಹೇಳಿದ್ದಕ್ಕೆಲ್ಲ ‘ಕೊಕ್’ ಎಂದು ಒಪ್ಪುವ ಜೀವ ಸೆನ್ಯೋರಾ ಒಬ್ಬಳೇ (ತೀರಿಹೋದ ನನ್ನ ಗಂಡನೂ ಅಷ್ಟು ಒಪ್ಪಿದವನಲ್ಲ). ಅವಳನ್ನು ಪಪ್ಪಾಯಿಯ ಜೊತೆ ಕಳಿಸಿಕೊಡುವುದೇ? ಮಡಿಲಿಗೆ ಎತ್ತಿಕೊಂಡು ನೋಡಿದೆ. ಕೊರಳ ಕೆಳಗೆ ತಿಂದ ಕಾಳು ನಿಲ್ಲುವ ಚೀಲ ನಾದಿದ ಹಿಟ್ಟಿನ ಹಾಗೆ ಊದಿತ್ತು. ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯಿತು. ಬಾಯಿಯಲ್ಲಿ ಹುಳಿ ಹೆಂಡದ ವಾಸನೆ, ಹಿಂದಿನಿಂದ ಬರೀ ನೀರು. ಅಂದರೆ ಉದರಸಾಮ್ರಾಜ್ಯದ ಹೆಬ್ಬಾಗಿಲೇ ಮುಚ್ಚಿಹೋಗಿತ್ತು.

ಮುಚ್ಚಿದವರು ಯಾರೆಂಬುದೂ ಹೊಳೆಯಿತು. ಪಕ್ಕದ ಮನೆಯ ಪೊನ್ಸಿಂಗ್. ಹಿಂದಿನ ದಿನ ಬೇಲಿಯ ಮೇಲಿಂದ ಕತ್ತು ಚಾಚಿ, “ಕೆಲವರ ಕೋಳಿ ಏನ್ ಮೈ ತುಂಬ್ಕೊಂಡಿದೆ ಅಂತೀನಿ” ಅಂದಿದ್ದಳು. ಅದನ್ನೂ ಬಾಳೆಗಿಡಕ್ಕೆ ಹೇಳಿದ್ದಳು, ನನಗಲ್ಲ. ಫಿಯೆಸ್ಟಾ ಹಬ್ಬದಿಂದ ನಮಗೆ ಮಾತಿಲ್ಲ. ತೆಂಗಿನ ಎಳೆಗರಿಯಲ್ಲಿ ಸುತ್ತಿ ಬೇಯಿಸುವ ಸುಮಾನ್ ಕಡುಬು ಅವಳದು ಹಂಡೆಯಲ್ಲೇ ಬಿಚ್ಚಿಕೊಂಡು ಗಂಜಿಯಾಗಿತ್ತು. ನಾನು ಹಾಕುವ ಅವಳಿ ಗಂಟು ಈ ಊರಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ, ಎಷ್ಟು ಕುದ್ದರೂ ಬಿಚ್ಚುವುದಿಲ್ಲ ಎಂದು ನಾನು ಇದ್ದ ಸಂಗತಿ ಹೇಳಿದ್ದೆ (ಸ್ವಲ್ಪ ಗಟ್ಟಿಯಾಗಿ).

ಕೋಳಿಯನ್ನು ಹೊಗಳಿದವಳು ‘ಉಸೋಗ್ ತಾಗದಿರಲಿ’ ಎನ್ನಬೇಕೋ ಬೇಡವೋ? ಎನ್ನಲಿಲ್ಲ. ಹೊಗಳಿಕೆ ಹೋಗಿ ಹೊಟ್ಟೆಯಲ್ಲಿ ಕೂತು ಊದಿಸುವುದೇ ಉಸೋಗ್. ಹೊಗಳಿದವರೇ ಬೆರಳಿಗೆ ಎಂಜಲು ಹಚ್ಚಿ ಆ ಹೊಟ್ಟೆಗೆ ಒರೆಸಿದರೆ ಮಾತ್ರ ಇಳಿಯುತ್ತದೆ. ಕೂಸುಗಳಿಗೆ ಇಳಿದದ್ದನ್ನು ನಾನೇ ಕಂಡಿದ್ದೇನೆ. ಕೋಳಿಗೇನು, ಹೊಟ್ಟೆಯಿಲ್ಲವೇ?

ಮನೆಯಲ್ಲಿದ್ದ ಸುಮಾನ್ ತಟ್ಟೆಯನ್ನೂ ಸೆನ್ಯೋರಳನ್ನೂ ಎತ್ತಿಕೊಂಡು ಪೊನ್ಸಿಂಗಳ ಮೆಟ್ಟಿಲು ಹತ್ತಿದೆ. ಬೆಣ್ಣೆ ಎಷ್ಟು ಹಚ್ಚಬೇಕೋ ಅಷ್ಟೂ ಹಚ್ಚಿದೆ.

“ನಿನ್ ಕೆನ್ನೆ ನೋಡು ಪೊನ್ಸಿಂಗ್, ಮದುವಣಗಿತ್ತಿ ಹಾಗೆ ಮಿಂಚ್ತಿದೆ.”

ಅವಳು ತಟ್ಟೆ ಖಾಲಿ ಮಾಡುವವರೆಗೂ ಹೊಗಳಿಸಿಕೊಂಡಳು. ಆಮೇಲೆ ವಿಷಯಕ್ಕೆ ಬಂದೆ.

“ಎಂಜಲಾ? ನಂದಾ? ಕೋಳಿಗಾ?”

“ಒಂದೇ ಬೆರಳು.”

“ಉಸೋಗ್ ತಗಲೋದು ಹೊರಗಿನವರಿಂದ ಕಣೇ ತಿನಾಯ್. ನಾನು ಬೇಲಿ ಪಕ್ಕದವಳು.”

“ಫಿಯೆಸ್ಟಾದಿಂದ ಮಾತಾಡ್ಸಿಲ್ಲ ನೀನು. ಹೊರಗಿನವಳಾಗೋಕೆ ಇನ್ನೇನು, ಹಡಗು ಹತ್ತಿ ಬರ್ಬೇಕಾ?”

ಅಷ್ಟರಲ್ಲಿ ಓಣಿಯ ಹೆಂಗಸರು ಮೆಟ್ಟಿಲ ಕೆಳಗೆ ಸೇರಿದ್ದರು. ಪೊನ್ಸಿಂಗ್ ಔಷಧಿ ಕುಡಿಯುವ ಮುಖ ಮಾಡಿ ಬೆರಳು ನೆಕ್ಕಿ ಸೆನ್ಯೋರಳ ಹೊಟ್ಟೆಗೆ ಒರೆಸಿದಳು. ಕೋಟೆ ಗೆದ್ದ ದಳವಾಯಿಯ ಹಾಗೆ ನಾನು ಮನೆಗೆ ಬಂದೆ.

ಆದರೆ ಎಂಜಲೊಂದನ್ನೇ ನಂಬಿ ಕೈಕಟ್ಟಿ ಕೂರುವವಳಲ್ಲ ನಾನು. ಕಾಳು ನಿಲ್ಲಿಸಿದೆ. ಬೆಚ್ಚಗಿನ ನೀರು, ತೆಂಗಿನೆಣ್ಣೆಯ ಹನಿ ಕೊಕ್ಕಿನ ಅಂಚಿನಿಂದ ಇಳಿಸಿದೆ. ಚೀಲವನ್ನು ಮೆಲ್ಲಗೆ ಸುತ್ತ ತಿಕ್ಕಿದೆ. ತೊಟ್ಟಿಲ ಕೂಸಿನ ಹೊಟ್ಟೆ ತಿಕ್ಕುವಷ್ಟೇ ಬಲ, ಅದಕ್ಕಿಂತ ಹೆಚ್ಚಿಲ್ಲ. ತಲೆಕೆಳಗು ಹಿಡಿದು ಕಕ್ಕಿಸಿ ಎಂದು ನೆನಿಂಗ್ ಹೇಳಿದಳು. ಹಾಗೆ ಮಾಡಿದರೆ ಉಸಿರುಗಟ್ಟುತ್ತದೆ (ಅವಳಿಗೂ ಅದು ಗೊತ್ತು). ಶನಿವಾರವಿಡೀ ನಾನು ತಿಕ್ಕಿದೆ, ಅವಳು ಕತ್ತಿ ಮಸೆದಳು.

ಭಾನುವಾರ ಬೆಳಿಗ್ಗೆ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ತನ್ನ ಎಂಜಲಿನ ಮಹಿಮೆ ನೋಡಲು ಪೊನ್ಸಿಂಗ್ ಬಂದಳು, ಹಿಂದೆಯೇ ಓಣಿಯೂ ಬಂತು. ನನ್ನ ಬೆರಳಿಗೆ ಚೀಲ ಮೆತ್ತಗಾದದ್ದು ತಿಳಿಯಿತು. ಸೆನ್ಯೋರಾ ಕತ್ತು ನೀಡಿ ಬಾಯಿ ತೆರೆದಳು. ಒಳಗೆ ಒಂದು ನಾರಿನ ತುದಿ ಕಾಣಿಸಿತು. ಹಳೆಯ ಬಟ್ಟೆಯಿಂದ ದಾರ ಬಿಡಿಸುವ ಹಾಗೆ, ತುಂಡಾಗದಂತೆ, ತಡೆದರೆ ನಿಂತು, ಬಿಟ್ಟರೆ ಎಳೆದು ಹೊರತೆಗೆದೆ. ಮೊಳದುದ್ದದ ತೆಂಗಿನಗರಿ. ಸೆನ್ಯೋರಾ ಮೈ ಕೊಡವಿ, ನೀರು ಕುಡಿದು, ನೆನಿಂಗಳ ನುಗ್ಗೆಸೊಪ್ಪಿನ ಬುಟ್ಟಿಗೇ ಕೊಕ್ಕು ಹಾಕಿದಳು.

“ಅಯ್ಯೋ, ಸಾರಿನ ಸೊಪ್ಪು,” ಅಂದಳು ನೆನಿಂಗ್.

“ತಿನ್ನಲಿ ಬಿಡು. ಪಪ್ಪಾಯಿಗೆ ಒಣಮೀನು ಹಾಕು,” ಅಂದೆ. ಆ ಕ್ಷಣ ನನ್ನಷ್ಟು ಎತ್ತರದ ಹೆಂಗಸು ಈ ಊರಲ್ಲಿ ಇರಲಿಲ್ಲ.

ಪೊನ್ಸಿಂಗ್ ಮಾತ್ರ ಆ ಗರಿಯನ್ನು ನೀರಿನಲ್ಲಿ ಅದ್ದಿ, ಬೆಳಕಿಗೆ ಹಿಡಿದಳು. ನಡುವಿನಲ್ಲಿ ಒಂದು ಗಂಟು. ಅವಳಿ ಗಂಟು.

“ತಿನಾಯ್, ಈ ಗಂಟು ಊರಲ್ಲಿ ಇನ್ಯಾರಿಗೂ ಬರಲ್ಲ ಅಂದಿದ್ದೆ ಅಲ್ವಾ?”

“ಸುಮಾನ್ ಬಿಚ್ಚಿದ ಗರಿ ಹಿತ್ತಿಲಿಗೆ ಎಸೀಬೇಡಿ ಅಂತ ನಾನೂ ಬಡ್ಕೊಂಡಿದ್ದೆ,” ಎಂದು ನೆನಿಂಗ್ ಉಪ್ಪು ಸುರಿದಳು.

ಓಣಿಯೆಲ್ಲ ನನ್ನನ್ನೇ ನೋಡಿತು. ನಾನು ಗಂಟನ್ನು ನೋಡಿದೆ. ಹಂಡೆಯಲ್ಲಿ ಕುದ್ದು, ಕೋಳಿಯ ಹೊಟ್ಟೆಯಲ್ಲಿ ನೆನೆದು, ಇಷ್ಟಾದರೂ ಒಂದು ಕೂದಲೆಳೆ ಸಡಿಲವಾಗಿರಲಿಲ್ಲ.

“ಬಿಚ್ಚಿಲ್ಲ ತಾನೇ?” ಅಂದೆ.

“ಬಿಚ್ಚಿಲ್ಲ. ಈಗ ನನ್ ಲೆಕ್ಕಕ್ಕೆ ಬಾ.” ಪೊನ್ಸಿಂಗ್ ನನ್ನ ಬೆಂಚಿನ ಮೇಲೆ ಒರಗಿ ಕೂತು ರವಿಕೆಯ ಅಂಚು ಮೇಲೆತ್ತಿದಳು. “ಶುಕ್ರವಾರದಿಂದ ನನ್ ಹೊಟ್ಟೆ ತಮಟೆ ಆಗಿದೆ. ನನ್ ಕೆನ್ನೆ ಹೊಗಳಿದವಳು ಯಾರು? ‘ಉಸೋಗ್ ತಾಗದಿರಲಿ’ ಅಂದ್ಯಾ?”

“ತಟ್ಟೆ ತುಂಬ ಸುಮಾನ್ ತಿಂದೆ ನೀನು.”

“ಅಂದ್ಯಾ, ಇಲ್ವಾ?”

ಅಂದಿರಲಿಲ್ಲ. ಊರೆಲ್ಲ ನೋಡುತ್ತಿರುವಾಗ ನಾನು ಬೆರಳು ನೆಕ್ಕಿ ಪೊನ್ಸಿಂಗಳ ವಿಶಾಲ ಉದರಕ್ಕೆ ಒರೆಸಿದೆ.

“ಇನ್ನೂ ಸ್ವಲ್ಪ ಎಡಕ್ಕೆ,” ಅಂದಳು ಪೊನ್ಸಿಂಗ್.

“ಕೊಕ್,” ಎಂದು ಸೆನ್ಯೋರಾ ಒಪ್ಪಿದಳು.