ಇಬ್ಬರಿಗೆ ಮಾತ್ರ ಸೀಟು

ಬೆಟ್ಟಯ್ಯನ ಪಿಕಪ್ ಗಾಡಿಯಲ್ಲಿ ಮುಂದುಗಡೆ ಇದ್ದದ್ದು ಒಂದೇ ಉದ್ದ ಸೀಟು. ಈ ತುದಿಗೆ ಸ್ಟಿಯರಿಂಗ್ ಹಿಡಿದ ಬೆಟ್ಟಯ್ಯ, ಆ ತುದಿಗೆ ಬಾಗಿಲಿಗೆ ಅಂಟಿಕೊಂಡ ಹೆಂಡತಿ ಪಾರ್ವತಮ್ಮ, ನಡುವೆ ಅವಳ ಅತ್ತೆ ಚಾಮುಂಡಮ್ಮ. ಕಿಟಕಿಯ ಗಾಳಿ ಕಿವಿಗೆ ಆಗುವುದಿಲ್ಲವೆಂದು ಅತ್ತೆ ಆ ಜಾಗ ಹಿಡಿದು ಹನ್ನೊಂದು ವರ್ಷವಾಗಿತ್ತು. ಅತ್ತೆಗೆ ಜ್ವರ ಬಂದ ದಿನ ಎದುರುಮನೆ ಮಂಜುಳಮ್ಮ ಬಂದು ಕೂರುತ್ತಿದ್ದಳು. ಸಿಟಿ ಬಸ್ಸಿನ ಸೀಟಿನಂತೆ ಅದು ಖಾಲಿ ಬಿದ್ದದ್ದೇ ಇಲ್ಲ.

ಪಾರ್ವತಮ್ಮನಿಗೆ ಬೇಕಾದದ್ದು ಬಹಳವೇನಲ್ಲ. ಹಿನಕಲ್‌ನಿಂದ ಎಲ್ಲಿಗಾದರೂ ಸರಿ, ಒಂದು ಸಲ ಗಂಡನೂ ತಾನೂ ಮಾತ್ರ ಹೋಗಬೇಕು. ಮನೆಯಲ್ಲಿ ಮಾತೆಂದರೆ ಗ್ಯಾಸು, ನೀರು, ಅತ್ತೆಯ ಮಾತ್ರೆ. ಗಾಡಿಯಲ್ಲಾದರೆ ಬೇರೆ ಮಾತು ಬರಬಹುದೆಂದು ಅವಳಿಗೆ ಏಕೋ ಅನ್ನಿಸಿತ್ತು.

ಅಂದು ಬೆಳಿಗ್ಗೆ ಬೆಟ್ಟಯ್ಯ ಸೊಂಟ ಹಿಡಿದುಕೊಂಡೇ ಎದ್ದ.

"ಆ ಉದ್ದ ಸೀಟು ಕಿತ್ತಾಕ್ಸಿ," ಎಂದಳು ಪಾರ್ವತಮ್ಮ. "ಕಾರಲ್ಲಿರ್ತದಲ್ಲ, ಅಂಗೆ ಎರಡು ಬಕೆಟ್ ಸೀಟು ಹಾಕ್ಸಿ."

"ಆಮೇಲೆ ಇಬ್ರೇ ಕೂರಾದು ಅಲ್ವಾ?"

"ಸೊಂಟ ಮುಖ್ಯ ಕಣ್ರೀ," ಎಂದು ಪಾರ್ವತಮ್ಮ ಒಲೆಯ ಕಡೆ ಮುಖ ತಿರುಗಿಸಿದಳು.

ಮಂಡಿ ಮೊಹಲ್ಲಾದ ಸೀಟು ಅಂಗಡಿಯವನು ಹಳೇ ಕಾರಿನ ಜೋಡಿ ಸೀಟು ಹುಡುಕಿ ಮಧ್ಯಾಹ್ನದೊಳಗೆ ಕೂರಿಸಿಕೊಟ್ಟ. ಗಾಡಿ ಬಂದು ನಿಂತದ್ದೇ ಬೀದಿಯವರೆಲ್ಲ ಸುತ್ತುಗಟ್ಟಿದರು. ಮಂಜುಳಮ್ಮನ ಗಂಡ, ಆಟೋ ಓಡಿಸುವ ರವಿಚಂದ್ರ, ಸೀಟನ್ನು ಹಲಸಿನಹಣ್ಣು ನೋಡುವವನಂತೆ ಒತ್ತಿ ಒತ್ತಿ ನೋಡಿದ.

"ಪೂಜೆ ಮಾಡಿಸ್ದೆ ಕೂತ್ಕಂಡ್ರೆ ಆಯ್ತದಾ?" ಎಂದಳು ಮಂಜುಳಮ್ಮ. "ಇವತ್ತು ಶುಕ್ರವಾರ. ಎಲ್ರೂ ಬೆಟ್ಟಕ್ಕೆ ಹೋಗ್ಬುಡಣ."

ಎಲ್ರೂ ಎಂದದ್ದು ಕೇಳಿ ಪಾರ್ವತಮ್ಮ ಎರಡು ಸೀಟನ್ನೂ ಮತ್ತೊಮ್ಮೆ ಎಣಿಸಿದಳು. ಅಷ್ಟರಲ್ಲಿ ಚಾಮುಂಡಮ್ಮ ಹಿರಿಯರ ಹಕ್ಕಿನಂತೆ ಮುಂದಿನ ಸೀಟು ಹತ್ತಿಯಾಗಿತ್ತು. ಹತ್ತಿದವರು ಒಳಗೆ ಇಳಿದೇ ಹೋದರು. ಮೊಣಕಾಲು ಗಲ್ಲಕ್ಕೆ ಬಂತು.

"ಎತ್ರೋ, ಬಾವಿಗ್ ಬಿದ್ದಂಗಾಯ್ತು."

ಆ ಕೈ ರವಿಚಂದ್ರ, ಈ ಕೈ ಬೆಟ್ಟಯ್ಯ ಹಿಡಿದು ಗೆಣಸು ಕೀಳುವಂತೆ ಕಿತ್ತರು.

"ಈ ಸೀಟು ನಂಗೆ ಬ್ಯಾಡ ಕಣವ್ವ. ಹಿಂದುಗಡೆ ಚಾಪೆ ಹಾಸು, ಕಾಲು ನೀಡ್ಕಂಡು ಬತ್ತೀನಿ."

"ನಾನೂ ದೊಡ್ಡವ್ವನ ಜೊತೆ ಹಿಂದೇನೇ," ಎಂದಳು ಮಂಜುಳಮ್ಮ.

ಪಾರ್ವತಮ್ಮ ಚಾಪೆ ತಂದು ಕೊಟ್ಟವಳೇ ಮತ್ತೆ ಒಳಗೆ ಓಡಿದಳು. ಹಸಿರು ರೇಷ್ಮೆ ಸೀರೆ ಉಟ್ಟಳು. ಮಲ್ಲಿಗೆ ಮುಡಿದಳು. ಹೊರಗೆ ಬಂದಾಗ ಎಲ್ಲರೂ ಹತ್ತಿಯಾಗಿತ್ತು, ಎಂಜಿನ್ ಗುರುಗುಟ್ಟುತ್ತಿತ್ತು. ನೆರಿಗೆ ಎತ್ತಿಕೊಂಡು, ತಲೆ ತಗ್ಗಿಸಿಯೇ ಹತ್ತಿ ಕೂತಳು. ಗಾಡಿ ಹೊರಟಿತು. ಪಕ್ಕಕ್ಕೆ ತಿರುಗಲು ನಾಚಿಕೆ. ಬಳೆ ನೋಡುತ್ತ, ಎಷ್ಟೋ ದಿನದಿಂದ ಕೂಡಿಟ್ಟ ಮಾತನ್ನು ಮೆಲ್ಲಗೆ ಬಿಟ್ಟಳು.

"ರೀ, ಪೂಜೆ ಆದ್ಮೇಲೆ ಇವರನ್ನೆಲ್ಲ ಮನೆಗೆ ಬುಟ್ಟು, ನಾವಿಬ್ರೇ ಎಲ್ಲಾದ್ರೂ ಹೋಗಣ್ವಾ?"

ಗಾಡಿ ಗಕ್ಕನೆ ನಿಂತಿತು.

"ನಾವಿಬ್ರಾ ಅಕ್ಕ?" ಎಂದ ರವಿಚಂದ್ರ.

ಪಾರ್ವತಮ್ಮನಿಗೆ ಸೀಟಿನೊಳಗೆ ಇನ್ನಷ್ಟು ಇಳಿದುಹೋಗಬೇಕೆನ್ನಿಸಿತು.

"ನಿನಗಲ್ಲಪ್ಪ. ಅವರೆಲ್ಲಿ?"

"ಬೆಟ್ಟಣ್ಣನಾ? ದೊಡ್ಡವ್ವ ತಿರುವಲ್ಲಿ ಜಾರ್ತಾರೆ ಅಂತ ಹಿಡ್ಕಂಡು ಹಿಂದೆ ಕೂತವ್ರೆ. ಸೊಂಟಕ್ಕೂ ಚಾಪೆನೇ ಹಾಯಾಗೈತಂತೆ."

ಹಿಂದಿನ ಗಾಜಿನಲ್ಲಿ ಬೆಟ್ಟಯ್ಯ ಕಾಲು ಚಾಚಿ, ಅಮ್ಮನ ಭುಜ ಹಿಡಿದು, ಮಂಜುಳಮ್ಮ ಹೇಳಿದ ಯಾವುದಕ್ಕೋ ನಗುತ್ತಿದ್ದ. ಹೆಂಡತಿ ತಿರುಗಿದ್ದು ಕಂಡು, ಸೀಟು ಹೇಗಿದೆ ಎಂದು ಕೈಸನ್ನೆ ಮಾಡಿ ಕೇಳಿದ. ಚೆನ್ನಾಗಿದೆ ಎಂದು ಅವಳು ತಲೆಯಾಡಿಸಿದಳು.

"ಹೊರಡ್ಲಾ ಅಕ್ಕ?"

"ನಿಧಾನಕ್ಕೆ ಓಡ್ಸಪ್ಪ," ಎಂದಳು. "ಹಿಂದೆ ನಮ್ಮೋರವ್ರೆ."