ಸೆರಗಿನ ಮೇಲೆ ಎರಡು ಸಿಸ್ಟಮ್ಮು

ರಾಜಕೀಯ ಪಾರ್ಟಿಗಳ ಬಗ್ಗೆ ಜಗಳವಾಡಿದವರು ಸಂಜೆ ಟೀ ಅಂಗಡಿಯಲ್ಲಿ ರಾಜಿಯಾಗಿಬಿಡುತ್ತಾರೆ. ಕಂಪ್ಯೂಟರಿನ ಬಗ್ಗೆ ಜಗಳವಾಡಿದವರು ರಾಜಿಯಾದದ್ದನ್ನು ನಾನಂತೂ ಕಂಡಿಲ್ಲ. ದೊಡ್ಡಬಳ್ಳಾಪುರದಲ್ಲಿ ನನಗೂ ಗೆಳೆಯ ನಾಗರಾಜನಿಗೂ ಸೇರಿ ಒಂದು ಸೀರೆ ಡಿಸೈನ್ ಅಂಗಡಿಯಿದೆ. ನಾನು ಕಂಪ್ಯೂಟರಿನಲ್ಲಿ ಅಂಚು, ಸೆರಗು ಬರೆಯುತ್ತೇನೆ. ಅವನು ಅದನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡು, ಮಗ್ಗಕ್ಕೆ ಬೇಕಾದ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಸುತ್ತಾನೆ. ನನ್ನದು ವಿಂಡೋಸ್, ಅವನದು ಲಿನಕ್ಸ್. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ನಮ್ಮ ಜಗಳ ಶುರು.

"ಲೇ, ನಿನ್ನ ವಿಂಡೋಸ್ ಹಾಕಿ ಆ ಪ್ಲೇನ್ ಹಾರಿಸಿದ್ರೆ, ಅಪ್‌ಡೇಟ್ ಆಗ್ತಿದೆ ಸ್ವಲ್ಪ ಕಾಯಿರಿ ಅಂತ ಆಕಾಶದಲ್ಲೇ ನಿಂತ್ಬಿಡುತ್ತೆ ಕಣೋ" ಎನ್ನುತ್ತಾನೆ ಅವನು.

"ನಿನ್ನ ಲಿನಕ್ಸಲ್ಲಿ ಹಾರೋ ಮಾತಿರಲಿ, ಬಾಗಿಲು ತೆಗೆಯೋಕೇ ಪೈಲಟ್ಟು ಒಂದು ಪುಟ ಟೈಪ್ ಮಾಡ್ಬೇಕು" ಎನ್ನುತ್ತೇನೆ ನಾನು.

ನನ್ನ ಹೆಂಡತಿ ಒಮ್ಮೆ ಇದನ್ನು ಕೇಳಿ, "ನೀವು ನನ್ನ ತವರುಮನೇನ ಆಡ್ಕೊಂಡಾಗ ನಾನೂ ಇಷ್ಟು ಕೋಪ ಮಾಡ್ಕೊಂಡಿಲ್ಲ, ಬಿಡ್ರೀ" ಎಂದಿದ್ದಳು. ಆ ಮಾತನ್ನು ಆಗಲೇ ಕಿವಿಗೆ ಹಾಕಿಕೊಂಡಿದ್ದರೆ ಚೆನ್ನಾಗಿತ್ತು.

ಅಕ್ಕನ ಮಗಳು ಸೌಮ್ಯಳ ಮದುವೆ ಗೊತ್ತಾಯಿತು. ಧಾರೆ ಸೀರೆ ಸೋದರಮಾವನದು ಎಂದು ನಾನೇ ಎದೆ ತಟ್ಟಿಕೊಂಡು ಒಪ್ಪಿಕೊಂಡೆ. ಅದೂ ಅಂಥಿಂಥ ಸೀರೆಯಲ್ಲ, ಸೆರಗಿನ ತುಂಬ ಜರಿಯಲ್ಲಿ ಹುಡುಗ ಹುಡುಗಿಯ ಹೆಸರಿರುವ ಸೀರೆ. ನಮ್ಮ ಮಗ್ಗದಲ್ಲಿ ಸೀರೆ ಬೋರಲಾಗಿ ನೇಯ್ಗೆಯಾಗುತ್ತದೆ; ನೇಯುವವರಿಗೆ ಕಾಣುವುದು ಹಿಂಬದಿ. ಹಾಗಾಗಿ ಅಕ್ಷರಗಳನ್ನು ಮೊದಲೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಡಬೇಕು. ಅದು ನಾಗರಾಜನ ಕೆಲಸ. ಆದರೆ ಅವನ ಸಿಸ್ಟಮ್ಮನ್ನು ನಂಬಿ ಅಕ್ಕನ ಮಗಳ ಮದುವೆ ಕೆಡಿಸಲೇ? ಅವನಿಗೆ ಹೇಳದೆ ನನ್ನ ವಿಂಡೋಸಿನಲ್ಲೇ ತಿರುಗಿಸಿಟ್ಟೆ. ಅವನು ತನ್ನ ಲಿನಕ್ಸಿನಲ್ಲಿ ಅದನ್ನು ಇನ್ನೊಮ್ಮೆ ತಿರುಗಿಸಿದ. ತಿರುಗಿ ನಿಂತಿದ್ದ ಅಕ್ಷರ ನೋಡಿ, "ಇವನ ವಿಂಡೋಸು ಉಲ್ಟಾ ಮಾಡ್ಬಿಟ್ಟಿದೆ" ಎಂದು ಒಳಗೊಳಗೇ ನಕ್ಕು, ಅದನ್ನು ನೆಟ್ಟಗೆ ಮಾಡಿದ ಖುಷಿಯಲ್ಲಿ ಮಗ್ಗಕ್ಕಾಗಿ ತಿರುಗಿಸುವುದನ್ನೇ ಮರೆತನಂತೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದರೆ ನಾನು ಗೆದ್ದಂತಾಗುತ್ತದಲ್ಲ!

ಮಗ್ಗದ ಮೇಲೆ ಹೆಸರುಗಳು ಸರಾಗವಾಗಿ ಓದಲು ಬಂದವು. ನಾನು ಹಿಗ್ಗಿಹೋದೆ. ಇಷ್ಟು ವರ್ಷ ಇದೇ ಕೆಲಸ ಮಾಡಿಕೊಂಡಿರುವವನಿಗೆ, ಹಿಂಬದಿಯಲ್ಲಿ ನೆಟ್ಟಗೆ ಕಂಡರೆ ಮುಂಬದಿಯಲ್ಲಿ ಉಲ್ಟಾ ಇರುತ್ತದೆ ಎನ್ನುವುದು ತಲೆಗೆ ಹೋಗಲಿಲ್ಲ. ಜರಿ ಮಾಸದಿರಲೆಂದು ಹಿಂಬದಿ ಮೇಲಾಗಿಯೇ ಮಡಿಸಿ ಕೊಟ್ಟೆ. ಅಕ್ಕ ಮೂಲೆಗೆ ಅರಿಸಿನ ಹಚ್ಚಿ ದೇವರ ಮುಂದಿಟ್ಟವಳು ಮಡಿಕೆ ಬಿಚ್ಚಲಿಲ್ಲ.

ಮುಹೂರ್ತದ ಹೊತ್ತಿಗೆ ನಾನು ಸೌಮ್ಯಳ ಕೈ ಹಿಡಿದು ಮಂಟಪಕ್ಕೆ ಕರೆತರಬೇಕು. ಛತ್ರದ ಕೋಣೆಯ ಬಾಗಿಲು ತೆರೆಯಿತು. ಸೆರಗಿನ ಮೇಲಿನ ಅಕ್ಷರಗಳೆಲ್ಲ ಉಲ್ಟಾ ತಿರುಗಿ, ಗೋಡೆಗೆ ಮುಖ ಮಾಡಿ ನಿಂತಿದ್ದವು. ಅಕ್ಕ ಹಲ್ಲು ಕಚ್ಚಿ, "ಏನೋ ಇದು? ಬೇರೆ ಸೀರೆ ಉಡ್ಸೋಕೂ ಟೈಮಿಲ್ವಲ್ಲೋ!" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೀಗರ ಮುಂದೆ ಆ ಹುಡುಗಿಯ ಕೈ ಹಿಡಿದು ನಡೆದೆ. ತಲೆ ಎತ್ತಲಿಲ್ಲ. ಬೀಗರ ಕಡೆಯ ಹಿರಿಯರೊಬ್ಬರು ಕುತ್ತಿಗೆ ಆ ಕಡೆ ಈ ಕಡೆ ವಾಲಿಸಿ ಓದುತ್ತಿದ್ದದ್ದು ಮಾತ್ರ ಕಾಣಿಸಿತು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಧಾರೆ ಮುಗಿದ ಮೇಲೆ ಸೌಮ್ಯ ಕರೆದಳು. ಬೈಯುತ್ತಾಳೆಂದುಕೊಂಡೇ ಹೋದೆ. ಅವಳು ಸೆರಗನ್ನು ಮುಂದಕ್ಕೆಳೆದುಕೊಂಡು, ತನ್ನ ಫೋನು ಹಿಡಿದು ಸೆಲ್ಫಿಗೆ ನಿಂತಿದ್ದಳು. "ಮಾವ, ಇಲ್ನೋಡಿ! ಇದ್ರಲ್ಲಿ ನೆಟ್ಟಗೇ ಕಾಣುತ್ತೆ. ಬನ್ನಿ, ನೀವೂ ನಿಂತ್ಕೊಳ್ಳಿ" ಎಂದಳು. ಕನ್ನಡಿಯಂತೆ ತಿರುಗಿಸಿ ತೋರಿಸುವ ಆ ಪರದೆಯ ಮೇಲೆ ಇಬ್ಬರ ಹೆಸರೂ ಮುದ್ದಾಗಿ ಓದಲು ಬರುತ್ತಿತ್ತು. ನನಗೆ ಅಳು ಬಂತು.

ಊಟಕ್ಕೆ ನಾನೂ ನಾಗರಾಜನೂ ಕೊನೆಯ ಪಂಕ್ತಿಯಲ್ಲಿ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಕುಳಿತೆವು. "ತಪ್ಪಾಯ್ತು ಕಣೋ. ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು" ಎಂದೆ. "ನಂದೂ ತಪ್ಪೇ" ಎಂದ ಅವನು. ಮನಸ್ಸು ಹಗುರಾಯಿತು. ಹುಡುಗಿಯ ಫೋನು ನಮ್ಮ ಮಾನ ಉಳಿಸಿದ್ದನ್ನು ಹೇಳಿದೆ.

ನಾಗರಾಜ ಹೋಳಿಗೆ ಮುರಿಯುತ್ತ ಕೇಳಿದ, "ಯಾವ ಫೋನು? ಆಂಡ್ರಾಯ್ಡಾ?"

"ಹೂಂ."

"ಅದರ ಒಳಗಿರೋದು ಲಿನಕ್ಸೇ ಕಣೋ."

ಇನ್ನು ಮೇಲೆ ಸಿಸ್ಟಮ್ಮಿನ ಜಗಳಕ್ಕೆ ಬಾಯಿ ಹಾಕಬಾರದೆಂದು ಆಗಷ್ಟೇ ಆಣೆ ಮಾಡಿಕೊಂಡಿದ್ದೆ. ಆದರೂ ಎಲೆ ಬಿಟ್ಟು ಅರ್ಧಕ್ಕೇ ಎದ್ದು, ಲಿನಕ್ಸ್ ಇಲ್ಲದ ಫೋನಿನಲ್ಲೂ ಹೆಸರು ನೆಟ್ಟಗೇ ಕಾಣುತ್ತದೆಂದು ತೋರಿಸಲು, ಇಡೀ ಛತ್ರದಲ್ಲಿ ಅಂಥ ಫೋನು ಯಾರ ಹತ್ತಿರವಾದರೂ ಇದೆಯೇ ಎಂದು ಹುಡುಕಲು ಹೊರಟೆ.