ರೇಡಿಯೋ ರೈಲು ಮತ್ತು ನಮ್ಮನೆ ಕುಕ್ಕರ್

“ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ನೆನಪಿಟ್ಕೊಳಕ್ಕಾಗಲ್ಲ, ಇವಳು ಡಿಗ್ರಿ ಮಾಡ್ತಾಳಂತೆ! ಈ ಜನ್ಮದಲ್ಲಿ ಆಗಲ್ಲ ಬಿಡಿ” ಎಂದು ನನ್ನ ಮದುವೆಮನೆಯಲ್ಲೇ ಘೋಷಿಸಿದ್ದವರು ಮೈಸೂರಿನ ನಮ್ಮ ದೊಡ್ಡಮ್ಮ.

ಅಪ್ಪ ಟೈಲರ್. ನಮ್ಮ ವಂಶದಲ್ಲಿ ಪದವಿಯ ಹತ್ತಿರಕ್ಕೆ ಹೋದವರೆಂದರೆ ಘಟಿಕೋತ್ಸವದ ಗೌನು ಹೊಲಿದ ಅಪ್ಪ ಒಬ್ಬರೇ. ನಾನು ಮದುವೆಯಾಗಿ ಅಮೆರಿಕದ ಶೋರ್‌ಲೈನ್‌ಗೆ ಬಂದ ಮೇಲೆ ಹಗಲು ಡೇಕೇರ್‌ನಲ್ಲಿ ಕಂಡವರ ಮಕ್ಕಳ ಮೂಗು ಒರೆಸಿ, ಬಸ್ಸಿನಲ್ಲಿ ಓದಿ, ಸಂಜೆ ಕಾಲೇಜಿಗೆ ಹೋಗಿ ಒಂದೊಂದೇ ವಿಷಯ ಮುಗಿಸಿದೆ. ಕೊನೆಗೆ ಉಳಿದದ್ದು ಒಂದೇ: ಹಳೆಯ ರೇಡಿಯೋ ಹಾಸ್ಯ. ನಗುವುದು ತಾನೇ? ಸುಲಭ ಎಂದುಕೊಂಡೆ. ಇದರಲ್ಲಿ ಫೇಲಾದರೆ ಡಿಗ್ರಿ ಇಲ್ಲ. ಘಟಿಕೋತ್ಸವ ನೋಡಲು ದೊಡ್ಡಮ್ಮ ಬೇರೆ ಆಗಲೇ ಸ್ವೆಟರ್ ಸಮೇತ ಬಂದಿಳಿದಿದ್ದರು!

ಪ್ರೊಫೆಸರು ಒಂದು ಹಳೇ ರೆಕಾರ್ಡು ಹಾಕಿದರು. ಗಂಭೀರ ದನಿಯ ಒಬ್ಬ ಮಹನೀಯ ಕೇಶತೈಲವೊಂದನ್ನು ಹೊಗಳುತ್ತಿದ್ದ. ಬೋಳು ತಲೆಗೆ ಹಚ್ಚಿದರೆ ಕೂದಲು, ಸವೆದ ಬ್ರಶ್ಶಿಗೆ ಹಚ್ಚಿದರೆ ಹೊಸ ಬ್ರಶ್ಶು! ನಾನು ಚಿಕ್ಕಂದಿನಿಂದ ಪಾಠವನ್ನು ಬಾಯಿಪಾಠ ಮಾಡಿದವಳು, ಪ್ರಶ್ನಿಸಿದವಳಲ್ಲ. ಹೇಳಿದ್ದನ್ನೆಲ್ಲ ಬರೆದುಕೊಂಡು ‘ಅಂದಿನ ಅಮೆರಿಕದ ಕೇಶತೈಲ ಸಾಧನೆ’ ಎಂಬ ಘನ ಪ್ರಬಂಧವನ್ನೇ ಸಲ್ಲಿಸಿದೆ.

ಮನೆಯಲ್ಲಿ ಅದರ ಪ್ರತಿ ಓದಿದ ಮಗಳು ಸೋಫಾದಿಂದ ಜಾರಿದಳು. “ಅಮ್ಮಾ, ಇಟ್ಸ್ ಎ ಜೋಕ್! ಅಂಥ ಆಯಿಲೇ ಇರಲಿಲ್ಲ!”

ಮರುದಿನ ಪ್ರೊಫೆಸರು ತರಗತಿಯ ಮುಂದೆ ಪ್ರಬಂಧ ಎತ್ತಿ ಹಿಡಿದರು. “ಇಷ್ಟು ಗಂಭೀರವಾಗಿ ಅಣಕಿಸಿದವರನ್ನು ನಾನು ಕಂಡಿಲ್ಲ! ಕೊನೆಯ ಪರೀಕ್ಷೆಯ ರೇಡಿಯೋ ನಾಟಕ ಇವರ ಜವಾಬ್ದಾರಿ!”

ಹೊಗಳಿದರೋ, ಹಣಿದರೋ? ಇಂದಿಗೂ ತಿಳಿದಿಲ್ಲ.

ನಾಟಕದ ಕೊನೆಯಲ್ಲಿ ರೈಲು ಬರಬೇಕಿತ್ತು. ಮೈಕಿನ ಮುಂದೆ ಸದ್ದನ್ನು ನಾವೇ ಮಾಡಬೇಕು. ನಾನು ಕುಕ್ಕರನ್ನೂ ಕರೆಂಟ್ ಒಲೆಯನ್ನೂ ಚೀಲಕ್ಕೆ ತುಂಬಿದೆ.

ನನ್ನವರು ನೋಡುತ್ತಾ ನಿಂತಿದ್ದರು. “ಬರೀ ನೀರು ಹಾಕ್ಕೊಂಡ್ ಹೋಗೇ. ಬೇಳೆ ಯಾಕೆ?”

“ಹೇಗೂ ಒಲೆ ಉರಿಯುತ್ತಲ್ರೀ. ಸುಮ್ನೆ ಯಾಕೆ ವೇಸ್ಟು? ರಾತ್ರಿ ಸಾರಿಗಾಗುತ್ತೆ.”

“ಎಕ್ಸಾಮ್‌ಗೆ ಹೋಗ್ತಿದೀಯೋ, ಅಡುಗೆ ಕಾಂಟ್ರ್ಯಾಕ್ಟಿಗೋ?”

ನಾಟಕ ಶುರುವಾಯಿತು. ಸ್ಟೇಷನ್ ಮಾಸ್ಟರ್ ಪಾತ್ರದ ಹುಡುಗಿ ಕಣ್ಣೊರೆಸುತ್ತಾ, “ಈ ಊರಿಗೆ ಇನ್ನೆಂದೂ ರೈಲು ಬಾರದು” ಎಂದಳು.

ಕೂಊಊ! ರೈಲು ಬಂತು!

ಸಭೆ ಘೊಳ್ಳೆಂದಿತು. ನಾನು ಗಾಬರಿಯಿಂದ ಒಲೆ ಆರಿಸಿದೆ. ಈಗ ನಿಜವಾಗಿ ರೈಲು ಬರುವ ಹೊತ್ತು. ಎಲ್ಲರೂ ನನ್ನತ್ತ ನೋಡಿದರು. ಕುಕ್ಕರ್ ಮೌನವ್ರತ ಹಿಡಿದಿತ್ತು. ಒಲೆಯನ್ನು ಪೂರ್ತಿ ಏರಿಸಿದೆ. ಇಲ್ಲ. ಸ್ಟೇಷನ್ ಮಾಸ್ಟರ್ “ಅದೋ ರೈಲು” ಎಂದಳು. ಇಲ್ಲ. “ಅದೋ, ಅದೋ ರೈಲು” ಎಂದಳು. ನಾನು ಮೈಕನ್ನು ಕುಕ್ಕರಿನ ಬಾಯಿಗೆ ಹಿಡಿದು ಬೇಡಿಕೊಂಡೆ. ಆಗ ಕೂಗಿತು ನೋಡಿ! ಸೀಟಿಯ ಜೊತೆ ತೊಗರಿಬೇಳೆಯ ಕಟ್ಟು ಕಾರಂಜಿಯಂತೆ ಚಿಮ್ಮಿ ಮೈಕಿಗೆ ಅಭಿಷೇಕವಾಯಿತು.

“ಅಯ್ಯೋ ನನ್ ಬೇಳೆ!”

ಇದು ಮೈಕು ಸಾಯುವ ಮುನ್ನ ಪ್ರಸಾರ ಮಾಡಿದ ಕೊನೆಯ ಸಂದೇಶ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನಗೋ ಅಳು.

ಪ್ರಾಮಾಣಿಕಳಾದ ನಾನು ಪ್ರೊಫೆಸರರ ಬಳಿ ಹೋಗಿ, “ಸಾರ್, ಇದು ಆಕಸ್ಮಿಕ. ಆ ಪ್ರಬಂಧವನ್ನೂ ನಾನು ನಿಜವೆಂದೇ ನಂಬಿ ಬರೆದಿದ್ದೆ” ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಕುಸಿದರು. “ಸಾಕಮ್ಮಾ, ಸಾಕು! ಪಾಸು! ಪಾಸು!”

ನನ್ನ ಜೀವನದಲ್ಲಿ ಸತ್ಯಕ್ಕೆ ಸಿಕ್ಕ ಏಕೈಕ ಬಹುಮಾನ ಅದು.

ಘಟಿಕೋತ್ಸವದ ದಿನ ಗೌನು ತೊಟ್ಟು, ವೇದಿಕೆಯಿಂದ ಇಳಿದವಳೇ ಪ್ರಮಾಣಪತ್ರವನ್ನು ನೇರವಾಗಿ ದೊಡ್ಡಮ್ಮನ ಕೈಗಿತ್ತೆ. ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಸೆರಗಿನಿಂದ ಮೂಗೊರೆಸಿಕೊಂಡರು. ಗೆದ್ದೆ ಎಂದುಕೊಂಡು ನಾನು ತಲೆಯೆತ್ತಿ ನಿಂತೆ.

“ನಮ್ಮ ಮನೆತನದ ಮರ್ಯಾದೆ ಹೆಚ್ಚಿಸಿದೆ ಕಣೇ” ಎಂದರು ದೊಡ್ಡಮ್ಮ. ಆಮೇಲೆ ನನ್ನ ಗೌನಿನ ಕಾಲರ್ ಸರಿಮಾಡುತ್ತಾ, ದನಿ ತಗ್ಗಿಸಿ ಕೇಳಿದರು: “ಅದ್ಸರಿ, ಅವತ್ತು ಕುಕ್ಕರ್ ಒಟ್ಟು ಎಷ್ಟು ಸಲ ಕೂಗ್ತು?”

ನಾನು ಎಣಿಸಿರಲಿಲ್ಲ.